ಅವನತ ಕೋನವೂ ಕನ್ನಡ ಪಾಠವೂ

ಗಣಿತ ಬೇರೆ, ಭಾಷೆ ಬೇರೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಹತ್ತನೆಯ ತರಗತಿಯ ತ್ರಿಕೋನಮಿತಿಯಲ್ಲಿ ಬರುವ ಉನ್ನತ ಕೋನ, ಅವನತ ಕೋನ ಎಂಬ ಪದಗಳನ್ನು ಕಂಡು, "ಕನ್ನಡದಲ್ಲಿ ಗಣಿತ ಕಷ್ಟ, ಇಂಗ್ಲಿಷ್ ಮಾಧ್ಯಮವೇ ಲೇಸು" ಎನ್ನುವ ಪೋಷಕರುಂಟು. ಕಷ್ಟವಿರುವುದು ಪದದಲ್ಲಲ್ಲ, ಅದರ ಅರ್ಥವನ್ನು ಬಿಡಿಸಿ ಹೇಳದಿರುವುದರಲ್ಲಿ.

'ನತ' ಎಂದರೆ ಬಾಗಿದ, 'ಅವನತ' ಎಂದರೆ ಕೆಳಕ್ಕೆ ಬಾಗಿದ. ನಾಚಿ ತಲೆ ತಗ್ಗಿಸಿದವಳನ್ನು ಅವನತಮುಖಿ ಎನ್ನುತ್ತೇವೆ. ಹೊಸೂರಿನ ಚಂದ್ರಚೂಡೇಶ್ವರ ಬೆಟ್ಟದ ಮೇಲೆ ನಿಂತು ಮೊದಲು ಎದುರಿಗೆ ಸಮವಾಗಿ ನೋಡಿರಿ. ಬಳಿಕ ಕೆಳಗಿನ ರಸ್ತೆಯ ಕಂಬವೊಂದರ ಬುಡಕ್ಕೆ ದೃಷ್ಟಿಯನ್ನು ತಗ್ಗಿಸಿರಿ. ನೋಟವು ಎಷ್ಟು ಬಾಗಿತೋ ಅದೇ ಅವನತ ಕೋನ. ಪದದೊಳಗೇ ವ್ಯಾಖ್ಯೆ ಅಡಗಿದೆ.

ಇದನ್ನರಿಯದ ವಿದ್ಯಾರ್ಥಿಯು ಕೋನವನ್ನು ಲಂಬರೇಖೆಯಿಂದ ಎಣಿಸುತ್ತಾನೆ. ಕಣ್ಣು ಕಂಬದ ಬುಡಕ್ಕಿಂತ 60 ಮೀಟರ್ ಎತ್ತರದಲ್ಲಿದೆ, ಅಡ್ಡದೂರ 104 ಮೀಟರ್ ಎಂದಿಟ್ಟುಕೊಳ್ಳೋಣ. ಈ ಲಂಬಕೋನ ತ್ರಿಭುಜದಲ್ಲಿ ಎತ್ತರವನ್ನು ದೂರದಿಂದ ಭಾಗಿಸಿದರೆ ಸುಮಾರು 0.577, ಅದು ಟ್ಯಾನ್ 30 ಡಿಗ್ರಿಯ ಬೆಲೆ. ಕಂಬದ ಬುಡದಲ್ಲಿ ಉನ್ನತ ಕೋನ 30 ಡಿಗ್ರಿ. ಸಮರೇಖೆಯು ನೆಲಕ್ಕೆ ಸಮಾಂತರವಾದ್ದರಿಂದ ಅವನತ ಕೋನವೂ ಅಷ್ಟೇ. ಲಂಬರೇಖೆಯಿಂದ ಎಣಿಸಿದವನು 60 ಡಿಗ್ರಿ ಎಂದು ಬರೆಯುತ್ತಾನೆ. ಭಾಗಾಕಾರವೆಲ್ಲ ಸರಿ, ಉತ್ತರ ಮಾತ್ರ ತಪ್ಪು! ಅವನು ಸೋತದ್ದು ಗಣಿತದಲ್ಲಲ್ಲ, ಮಾತಿನ ಅರ್ಥದಲ್ಲಿ.

ತಮಿಳಿನಲ್ಲಿ ಇವೇ ಕೋನಗಳಿಗೆ ಏಟ್ರಕೋಣಂ, ಇರಕ್ಕಕೋಣಂ ಎನ್ನುತ್ತಾರೆ; ಏರುವ ಕೋನ, ಇಳಿಯುವ ಕೋನ ಎಂದರ್ಥ. ಗಡಿನಾಡಿನ ನಮ್ಮ ಮಕ್ಕಳಿಗೆ ಎರಡೂ ಮಾತು ಬರುತ್ತವೆ. ಒಂದರಿಂದ ಇನ್ನೊಂದನ್ನು ತಿಳಿಯಬಹುದಾದ ಈ ಭಾಗ್ಯವನ್ನು ಹೊರೆಯೆಂದು ಏಕೆ ಭಾವಿಸಬೇಕು?

1802ರಲ್ಲಿ ಮದರಾಸಿನಲ್ಲಿ ಆಧಾರರೇಖೆಯನ್ನಳೆದು ತ್ರಿಕೋನಮಿತೀಯ ಭೂಮಾಪನವನ್ನಾರಂಭಿಸಿದ ವಿಲಿಯಂ ಲ್ಯಾಂಬ್ಟನ್, 1804ರಲ್ಲಿ ಬೆಂಗಳೂರಿನ ಬಳಿ ಮತ್ತೊಂದನ್ನು ಅಳೆಸಿದರು. ಎತ್ತರದ ನೆಲೆಗಳಿಂದ ಕೋನಗಳನ್ನು ಅಳೆಯುತ್ತ ಸಾಗಿದ ಕಾರ್ಯವದು. ಅವರಿಗೆ ಅರ್ಧ ಟನ್ ತೂಕದ ಥಿಯೊಡೊಲೈಟ್ ಬೇಕಾಯಿತು. ನಮಗೆ ಕಂಪಾಸು ಪೆಟ್ಟಿಗೆಯ ಕೋನಮಾಪಕ, ಒಂದು ದಾರ, ಒಂದು ಕಲ್ಲು ಸಾಕು. ಕೋನಮಾಪಕದ ನಡುಬಿಂದುವಿನಿಂದ ಕಲ್ಲನ್ನು ತೂಗಬಿಟ್ಟು, ನೇರ ಅಂಚಿನಗುಂಟ ನೋಡಿದರೆ, ದಾರವು 90ರ ಗೆರೆಯಿಂದ ಸರಿದಷ್ಟೇ ಅವನತ ಕೋನ.

ಆದುದರಿಂದ ವರ್ಷಕ್ಕೊಮ್ಮೆಯಾದರೂ ಗಣಿತದ ಅಧ್ಯಾಪಕರೂ ಕನ್ನಡದ ಅಧ್ಯಾಪಕರೂ ಕೂಡಿ ಮಕ್ಕಳನ್ನು ಹೊಸೂರಿನ ಬೆಟ್ಟಕ್ಕೋ ಕೃಷ್ಣಗಿರಿಯ ಕೋಟೆಗೋ ಕರೆದೊಯ್ಯಬೇಕು. ಅಲ್ಲಿ ತಾವೇ ಕೋನವನ್ನಳೆದು ತಂದ ಮಕ್ಕಳು, ಕನ್ನಡದಲ್ಲಿ ಗಣಿತ ಬರುವುದೇ ಎಂದು ಕೇಳುವವರಿಗೆ ತಾವೇ ಉತ್ತರ ಹೇಳುವರೆಂಬುದು ನನ್ನ ನಂಬಿಕೆ.