ಸಹಾಯವಾಣಿಯ ಕ್ಲಿನಿಕಲ್ ಮ್ಯಾನೇಜರ್ ಹುದ್ದೆ: ಅರ್ಜಿ ಸಲ್ಲಿಸುವ ಮುನ್ನ

ಮನಃಶಾಸ್ತ್ರದಲ್ಲೋ ಸಮಾಜಕಾರ್ಯದಲ್ಲೋ ಸ್ನಾತಕೋತ್ತರ ಪದವಿ ಪಡೆದ ನಮ್ಮ ಯುವಕ ಯುವತಿಯರ ಮುಂದೆ ಇತ್ತೀಚಿನ ವರ್ಷಗಳಲ್ಲಿ ಹೊಸದೊಂದು ಉದ್ಯೋಗದ ದಾರಿ ತೆರೆದುಕೊಂಡಿದೆ. ಮೊದಲು ಮಾನಸಿಕ ಆರೋಗ್ಯ ಸಹಾಯವಾಣಿಯಲ್ಲಿ ಆಪ್ತಸಮಾಲೋಚಕರ ಕೆಲಸ. ಕೆಲವು ವರ್ಷಗಳ ಅನುಭವವಾದ ಬಳಿಕ ಅಂತಹದೇ ಸಂಸ್ಥೆಯಲ್ಲಿ ಕ್ಲಿನಿಕಲ್ ಮ್ಯಾನೇಜರ್ ಹುದ್ದೆ. ಅರ್ಜಿಯೊಡನೆ ಲಗತ್ತಿಸಲು ನಡತೆಯ ಪ್ರಮಾಣಪತ್ರ ಬೇಕೆಂದು ಅವರು ಧರ್ಮಕೇಂದ್ರದ ಕಚೇರಿಗೂ ಬರುವುದುಂಟು. ಜೊತೆಯಲ್ಲಿ ಬಂದ ಹೆತ್ತವರ ಪ್ರಶ್ನೆ ಮಾತ್ರ ಬಹುತೇಕ ಒಂದೇ: ಫೋನಿನಲ್ಲಿ ಮಾತನಾಡುವ ಕೆಲಸಕ್ಕೆ ಇಷ್ಟೊಂದು ಓದಬೇಕಿತ್ತೇ?

ಪ್ರಶ್ನೆ ಸಹಜವಾದುದೇ. ಆದರೆ ಈ ಕ್ಷೇತ್ರ ಎಷ್ಟು ಬೇಗ ಬೆಳೆಯಿತೆಂಬುದನ್ನು ನಾವು ಗಮನಿಸಿದಂತಿಲ್ಲ. 2022ರ ಕೇಂದ್ರ ಮುಂಗಡಪತ್ರದಲ್ಲಿ ಘೋಷಣೆಯಾದ ಟೆಲಿ-ಮಾನಸ್ ಯೋಜನೆ ಅದೇ ವರ್ಷದ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಪ್ರಾರಂಭವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಇದರ ಕೇಂದ್ರಸ್ಥಾನ. 14416 ಸಂಖ್ಯೆಗೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು; ಕನ್ನಡವೂ ಸೇರಿದಂತೆ 20 ಭಾಷೆಗಳಲ್ಲಿ ಉತ್ತರ ದೊರೆಯುತ್ತದೆ. ಮೊದಲ ಹಂತದಲ್ಲಿ ತರಬೇತಿ ಪಡೆದ ಸಮಾಲೋಚಕರು ಕರೆ ಸ್ವೀಕರಿಸುತ್ತಾರೆ. ಅವರಿಂದಾಗದುದು ಮನೋವೈದ್ಯರ ಬಳಿಗೆ, ಅಗತ್ಯವಿದ್ದರೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೋ ವೈದ್ಯಕೀಯ ಕಾಲೇಜಿಗೋ ಹೋಗುತ್ತದೆ. 2025ರಲ್ಲಿ ಒಟ್ಟು ಕರೆಗಳ ಸಂಖ್ಯೆ 20 ಲಕ್ಷವನ್ನು ದಾಟಿತು. ಇಷ್ಟು ಕರೆಗಳನ್ನು ಆಲಿಸುವವರಿದ್ದಾರೆ ಎಂದ ಮೇಲೆ ಆಲಿಸುವವರ ಮೇಲೆ ಕಣ್ಣಿಡಬೇಕಾದವರೂ ಇರಲೇಬೇಕಲ್ಲವೇ? ಸರಕಾರಿ ವ್ಯವಸ್ಥೆಯಲ್ಲಿ ಆ ಹುದ್ದೆಯ ಹೆಸರು ಬೇರೆಯಿರಬಹುದು, ಖಾಸಗಿ ಸಂಸ್ಥೆಯಲ್ಲಿ ಬೇರೆ. ಕೆಲಸದ ತಿರುಳು ಒಂದೇ.

ಮ್ಯಾನೇಜರ್ ಎಂಬ ಶಬ್ದ ಇಲ್ಲಿ ದಾರಿತಪ್ಪಿಸುತ್ತದೆ. ಪಾಳಿಪಟ್ಟಿ ತಯಾರಿಸುವುದು, ಕರೆಗಳ ದಾಖಲೆ ಪರಿಶೀಲಿಸುವುದು, ಹೊಸಬರಿಗೆ ತರಬೇತಿ ಕೊಡುವುದು, ಇವೆಲ್ಲ ಇವೆ ನಿಜ. ಆದರೆ ಮಧ್ಯರಾತ್ರಿ ಎರಡು ಗಂಟೆಗೆ 25ರ ಹರೆಯದ ಸಮಾಲೋಚಕಿಯೊಬ್ಬಳು ಫೋನಿನ ಧ್ವನಿಯನ್ನು ತಡೆಹಿಡಿದು, ‘ಈತ ಈಗಲೇ ಪ್ರಾಣ ಕಳೆದುಕೊಳ್ಳುವೆನೆನ್ನುತ್ತಿದ್ದಾನೆ, ಏನು ಮಾಡಲಿ?’ ಎಂದು ಕೇಳಿದಾಗ ಉತ್ತರಿಸಬೇಕಾದವನು ಈ ಅಧಿಕಾರಿ. ಆತನಿಗೆ ಸಂಬಳ ಸಲ್ಲುವುದು ಮುಖ್ಯವಾಗಿ ಆ ಒಂದು ನಿಮಿಷದ ವಿವೇಕಕ್ಕಾಗಿ. ತತ್ವಶಾಸ್ತ್ರದಲ್ಲಿ ಸಂತ ತೋಮಸ್ ಅಕ್ವಿನಾಸರನ್ನು ಓದಿದವರು ಇದನ್ನು ಬೇಗ ಗುರುತಿಸಿಯಾರು: ಸಾಮಾನ್ಯ ನಿಯಮವನ್ನು ಕಣ್ಣೆದುರಿನ ವಿಶಿಷ್ಟ ಸಂದರ್ಭಕ್ಕೆ ಅನ್ವಯಿಸಬಲ್ಲ ಬುದ್ಧಿಯ ಸದ್ಗುಣವನ್ನೇ ಅವರು ವಿವೇಕವೆಂದರು.

ಇಂತಹ ಸೇವೆಯ ಮೂಲವನ್ನು ನೋಡಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. 1935ರಲ್ಲಿ ಇಂಗ್ಲೆಂಡಿನ ಲಿಂಕನ್ ಪಟ್ಟಣದಲ್ಲಿ ಆಂಗ್ಲಿಕನ್ ಸಭೆಯ ತರುಣ ಗುರು ಚಾಡ್ ವರಾ ಹದಿಹರೆಯದ ಬಾಲಕಿಯೊಬ್ಬಳ ಅಂತ್ಯಕ್ರಿಯೆ ನಡೆಸಬೇಕಾಯಿತು. ತನ್ನ ದೇಹದಲ್ಲಾದ ಸಹಜ ಬದಲಾವಣೆಯನ್ನು ಕೆಟ್ಟ ರೋಗವೆಂದು ಭ್ರಮಿಸಿ, ಕೇಳಲು ಯಾರೂ ಇಲ್ಲದೆ, ಆಕೆ ಪ್ರಾಣ ಕಳೆದುಕೊಂಡಿದ್ದಳು. 1953ರ ನವೆಂಬರಿನಲ್ಲಿ ಲಂಡನಿನ ಸೈಂಟ್ ಸ್ಟೀಫನ್ ವಾಲ್‌ಬ್ರೂಕ್ ದೇವಾಲಯದಿಂದ ಅವರು ದೂರವಾಣಿ ಸೇವೆಯನ್ನು ಆರಂಭಿಸಿದರು. ಗುರುಗಳನ್ನು ಕಾಣಲೆಂದು ಬಂದು ಕಾದು ಕುಳಿತವರಿಗೆ ಚಹಾ ಕೊಟ್ಟು ಮಾತನಾಡಿಸಲು ಕೆಲವು ಸ್ವಯಂಸೇವಕರಿದ್ದರು. ಸ್ವಲ್ಪದರಲ್ಲೇ ವಿಚಿತ್ರವೊಂದು ಗೋಚರಿಸಿತು: ಬಹಳ ಮಂದಿಗೆ ಆ ಸ್ವಯಂಸೇವಕರೊಡನೆ ಮಾತನಾಡಿದ ಮೇಲೆ ಗುರುಗಳನ್ನು ಕಾಣುವ ಅಗತ್ಯವೇ ಉಳಿಯುತ್ತಿರಲಿಲ್ಲ! 1954ರ ಫೆಬ್ರವರಿಯಲ್ಲಿ ವರಾ ಆಲಿಸುವ ಕೆಲಸವನ್ನು ಅವರಿಗೇ ಒಪ್ಪಿಸಿದರು. ಸ್ವಯಂಸೇವಕರನ್ನು ಆರಿಸುವುದು, ಮೇಲ್ವಿಚಾರಣೆ ನಡೆಸುವುದು ತಮ್ಮ ಪಾಲಿಗಿರಲೆಂದರು. ಸಮಾರಿಟನ್ಸ್ ಸಂಸ್ಥೆ ಬೆಳೆದು ಬಂದದ್ದು ಹೀಗೆ. ತಾನು ಬದಿಗೆ ಸರಿದು ಇತರರು ಚೆನ್ನಾಗಿ ಆಲಿಸುವಂತೆ ನೋಡಿಕೊಳ್ಳುವುದು, ಗುರುಗಳಾದ ನಮಗೂ ಅಷ್ಟು ಸುಲಭಸಾಧ್ಯವಲ್ಲದ ಕೆಲಸ.

ಅತ್ಯಂತ ಕಠಿಣವಾದ ವಿಷಯ ಗುಟ್ಟಿನದು. ಪಾಪನಿವೇದನೆಯ ಮುದ್ರೆಗೆ ಧರ್ಮಸಭೆಯ ಕಾನೂನಿನಲ್ಲಿ ಯಾವ ವಿನಾಯಿತಿಯೂ ಇಲ್ಲ. ಸಹಾಯವಾಣಿಯ ಗುಟ್ಟು ಆ ಬಗೆಯದಲ್ಲ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯ 23ನೆಯ ಸೆಕ್ಷನ್ ಗೌಪ್ಯತೆಯನ್ನು ಹಕ್ಕೆಂದು ಸಾರುವುದರೊಂದಿಗೆ, ಜೀವಕ್ಕೆ ಅಪಾಯ ತಪ್ಪಿಸಲು ಮಾಹಿತಿ ನೀಡುವುದಕ್ಕೆ ಅವಕಾಶವನ್ನೂ ಕೊಡುತ್ತದೆ. ಆದರೆ ಯಾವಾಗ? ಅವಸರದಲ್ಲಿ ಪೋಲಿಸರನ್ನು ಕಳುಹಿಸಿದರೆ ನೊಂದವನ ಮನೆಯ ಮುಂದೆ ಜೀಪು ನಿಲ್ಲುತ್ತದೆ, ನೆರೆಹೊರೆ ಸೇರುತ್ತದೆ, ಆತ ಇನ್ನೆಂದೂ ಆ ಸಂಖ್ಯೆಗೆ ಕರೆ ಮಾಡಲಾರ. ಕಳುಹಿಸದೆ ಬಿಟ್ಟರೆ ಬೆಳಗಾಗುವಾಗ ಆತ ಇಲ್ಲದಿರಬಹುದು. 2022ರ ಜುಲೈಯಲ್ಲಿ ಅಮೇರಿಕದಲ್ಲಿ ಆರಂಭವಾದ 988 ಸಹಾಯವಾಣಿಯಲ್ಲಿ ತುರ್ತು ಸೇವೆಯವರನ್ನು ಕಳುಹಿಸಬೇಕಾಗುವುದು ಶೇಕಡಾ 2ಕ್ಕಿಂತಲೂ ಕಡಿಮೆ ಕರೆಗಳಲ್ಲಂತೆ. ಉಳಿದವು ಮಾತಿನಲ್ಲೇ ಶಮನಗೊಳ್ಳುತ್ತವೆ. ಆ ಎರಡನ್ನು ಉಳಿದ ತೊಂಬತ್ತೆಂಟರಿಂದ ಬೇರ್ಪಡಿಸುವುದರಲ್ಲೇ ಮೇಲ್ವಿಚಾರಕನ ಪರೀಕ್ಷೆ.

ನಮ್ಮಲ್ಲಿ ಕಾನೂನಿನ ಭಯ ತಕ್ಕಮಟ್ಟಿಗೆ ಕಡಿಮೆಯಾಗಿದೆ. ಅದೇ ಕಾಯಿದೆಯ 115ನೆಯ ಸೆಕ್ಷನ್, ಆತ್ಮಹತ್ಯೆಗೆ ಯತ್ನಿಸಿದವನು ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎನ್ನುತ್ತದೆ. ಧರ್ಮಸಭೆಯೂ ಅದಕ್ಕಿಂತ ಮೊದಲೇ ಈ ದಾರಿಯಲ್ಲಿ ನಡೆದಿದೆ: 1917ರ ಸಂಹಿತೆಯಲ್ಲಿದ್ದ ಅಂತ್ಯಕ್ರಿಯೆಯ ನಿಷೇಧ 1983ರ ಸಂಹಿತೆಯಲ್ಲಿಲ್ಲ, 1992ರ ಧರ್ಮೋಪದೇಶ ಗ್ರಂಥ ತೀವ್ರ ಮಾನಸಿಕ ವ್ಯಥೆಯಿಂದ ವ್ಯಕ್ತಿಯ ಹೊಣೆಗಾರಿಕೆ ತಗ್ಗುವುದೆಂದು ಒಪ್ಪುತ್ತದೆ. ಆದರೂ ನಮ್ಮ ಕುಟುಂಬಗಳಲ್ಲಿ ಅಂತಹ ಸಾವನ್ನು ಪಿಸುಮಾತಿನಲ್ಲೇ ಹೇಳುವ ರೂಢಿ ಇನ್ನೂ ಹೋಗಿಲ್ಲ.

ಆದುದರಿಂದ ಅರ್ಜಿದಾರರು ತಮ್ಮ ಅರ್ಹತೆಯನ್ನು ಮಾತ್ರವಲ್ಲ, ಸಂಸ್ಥೆಯ ಅರ್ಹತೆಯನ್ನೂ ಪರಿಶೀಲಿಸಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಕರೆಸಿಕೊಳ್ಳಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಅಗತ್ಯ, ಬರೇ ಎಂ.ಎ. ಪದವಿಯವರನ್ನು ಆ ಹೆಸರಿನಲ್ಲಿ ನೇಮಿಸಹೊರಟ ಸಂಸ್ಥೆಯನ್ನು ದೂರವಿಡುವುದೇ ಲೇಸು. ಸಂದರ್ಶನದ ಕೊನೆಗೆ ‘ನಿಮಗೇನಾದರೂ ಕೇಳಲಿಕ್ಕಿದೆಯೇ?’ ಎಂದಾಗ ಹೆಚ್ಚಿನವರು ಸಂಕೋಚದಿಂದ ಇಲ್ಲವೆನ್ನುತ್ತಾರೆ. ಕೇಳಬೇಕು. ಒಬ್ಬ ಮೇಲ್ವಿಚಾರಕನ ಕೈಕೆಳಗೆ ಎಷ್ಟು ಮಂದಿ? ರಾತ್ರಿ ಪಾಳಿಯಲ್ಲಿ ಮನೋವೈದ್ಯರು ಸಿಗುತ್ತಾರೆಯೇ? ಕರೆಯೊಂದು ಸಾವಿನಲ್ಲಿ ಕೊನೆಗೊಂಡರೆ ಅದನ್ನು ಸ್ವೀಕರಿಸಿದ ಸಮಾಲೋಚಕಿಗೆ ಮರುದಿನ ರಜೆಯುಂಟೇ, ಅಥವಾ ಐದು ನಿಮಿಷದಲ್ಲಿ ಮುಂದಿನ ಕರೆಯೇ? ಮ್ಯಾನೇಜರನ ಭಾರವನ್ನು ಕೇಳುವವರು ಯಾರು? ಇವಕ್ಕೆ ಉತ್ತರವಿಲ್ಲದಿದ್ದರೆ ಸಂಬಳ ಎಷ್ಟೇ ಇರಲಿ, ಒಪ್ಪಿಕೊಳ್ಳುವ ಮೊದಲು ಎರಡು ಬಾರಿ ಯೋಚಿಸುವುದು ಒಳಿತು. ಸರಕಾರಿ ಯೋಜನೆಗಳಲ್ಲಿ ಇಂತಹ ಹುದ್ದೆಗಳು ಸಾಮಾನ್ಯವಾಗಿ ಗುತ್ತಿಗೆಯವು; ನವೀಕರಣದ ಶರತ್ತುಗಳನ್ನು ಓದದೆ ಸಹಿ ಹಾಕಕೂಡದು.

ಹೆತ್ತವರಿಗೂ ಒಂದು ಮಾತು. ಈ ಕೆಲಸಕ್ಕೆ ಸೇರಿದ ಮಗಳು ಬೆಳಿಗ್ಗೆ ಮನೆಗೆ ಮರಳಿದಾಗ ರಾತ್ರಿ ಏನಾಯಿತೆಂದು ಹೇಳುವ ಸ್ವಾತಂತ್ರ್ಯ ಆಕೆಗಿಲ್ಲ. ಮೌನವಾಗಿದ್ದರೆ ಕಾರಣ ಕೆದಕದೆ ಊಟ ಬಡಿಸಿ, ಮಧ್ಯಾಹ್ನದವರೆಗೆ ಮಲಗಲು ಬಿಡಿ.