ಕಾಯಕಕ್ಕೂ ಒಂದು ಅಳತೆಯುಂಟು: ಆಯ್ದಕ್ಕಿ ಲಕ್ಕಮ್ಮನವರ ಎಚ್ಚರಿಕೆ



ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ರೂಪುಗೊಂಡ ತತ್ತ್ವಗಳಲ್ಲಿ ಕಾಯಕತತ್ತ್ವದಷ್ಟು ಜನಮನದಲ್ಲಿ ನೆಲೆಯೂರಿದುದು ಮತ್ತೊಂದಿಲ್ಲ. ಕಾಯಕವನ್ನು ಕೈಲಾಸಕ್ಕೆ ಸಮನಾಗಿ ಕಂಡ ನುಡಿಯು ಇಂದು ಕಛೇರಿಗಳ ಗೋಡೆಗಳ ಮೇಲಿದೆ, ಸಹಕಾರಿ ಸಂಘಗಳ ಕ್ಯಾಲೆಂಡರುಗಳಲ್ಲಿದೆ, ಶಾಲಾ ವಾರ್ಷಿಕೋತ್ಸವದ ಭಾಷಣಗಳಲ್ಲಿದೆ. ಅದು ಬಸವಣ್ಣನವರ ಮಾತೆಂದೇ ಬಹುಜನರ ಭಾವನೆ. ವಾಸ್ತವವಾಗಿ ಅದು ಆಯ್ದಕ್ಕಿ ಮಾರಯ್ಯನವರ ವಚನವೊಂದರಲ್ಲಿ ಬರುವ ಮಾತು. ಇದಕ್ಕಿಂತಲೂ ಮುಖ್ಯವಾದ ಇನ್ನೊಂದು ಸಂಗತಿಯನ್ನು ನಾವು ಮರೆತಿದ್ದೇವೆ. ಆ ಮಾತನ್ನಾಡಿದ ಶರಣರ ಬದುಕಿನಲ್ಲಿಯೇ ಒಂದು ದಿನ ಕಾಯಕವು ತನ್ನ ಮೇರೆಯನ್ನು ಮೀರಿತು. ಅದನ್ನು ಗುರುತಿಸಿ ತಿದ್ದಿದವರು ಅರಸರಲ್ಲ, ಆಚಾರ್ಯರಲ್ಲ; ಅವರ ಮನೆಯಾಕೆ ಲಕ್ಕಮ್ಮನವರು.

ಇಂದಿನ ಕುಟುಂಬಗಳ ನೆಮ್ಮದಿಗೆ ಈ ಪ್ರಸಂಗವು ಅತ್ಯಂತ ಅಗತ್ಯವಾದ ಪಾಠವೆಂಬುದು ನನ್ನ ನಂಬಿಕೆ. ಆದರೆ ನಾವು ಅದನ್ನು ಅರ್ಧ ಮಾತ್ರ ಹೇಳುತ್ತ ಬಂದಿದ್ದೇವೆ. ಪ್ರವಚನ ಮಾಡುವ ನಮ್ಮಂಥವರಿಗೂ ಈ ಮಾತು ಅನ್ವಯಿಸುತ್ತದೆ.

ಮಾರಯ್ಯ-ಲಕ್ಕಮ್ಮ ದಂಪತಿಗಳು ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದ ಜಂಗಮ ದಾಸೋಹ ನಡೆಸುವುದು ಅವರ ಕಾಯಕ. ಶೂನ್ಯಸಂಪಾದನೆಯು ಇವರ ವೃತ್ತಾಂತಕ್ಕಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದೆ. ಅಲ್ಲಿ ಬರುವ ಘಟನೆಗಳು ಎರಡು. ಮೊದಲನೆಯದರಲ್ಲಿ ಮಾರಯ್ಯನವರು ಅಲ್ಲಮಪ್ರಭುಗಳೊಡನೆ ಅನುಭಾವದ ಮಾತಿನಲ್ಲಿ ಮುಳುಗಿ ಹೊತ್ತು ಮೀರಿದುದನ್ನೇ ಮರೆಯುತ್ತಾರೆ. ಕಾಯಕ ನಿಂತುಹೋಗಿದೆಯೆಂದು ಲಕ್ಕಮ್ಮನವರು ಎಚ್ಚರಿಸಿ ಅವರನ್ನು ಕಳುಹಿಸುತ್ತಾರೆ. ಎರಡನೆಯದರಲ್ಲಿ ಮಾರಯ್ಯನವರು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತರುತ್ತಾರೆ. ಲಕ್ಕಮ್ಮನವರು ಅದನ್ನು ಒಪ್ಪಿಕೊಳ್ಳುವುದಿಲ್ಲ. ಹೆಚ್ಚಿನದನ್ನು ಎಲ್ಲಿಂದ ತಂದರೋ ಅಲ್ಲಿಯೇ ಸುರಿದು ಬರಬೇಕೆಂದು ಹೇಳುತ್ತಾರೆ.

ಸಾಮಾನ್ಯವಾಗಿ ನಾವು ಎರಡನೆಯ ಘಟನೆಯನ್ನು ಮಾತ್ರ ಎತ್ತಿಕೊಂಡು ಅದನ್ನು ಪ್ರಾಮಾಣಿಕತೆಯ ಕಥೆಯಾಗಿ ಹೇಳುತ್ತೇವೆ. ಆದರೆ ಅಲ್ಲಿ ಕಳ್ಳತನವೇನೂ ನಡೆದಿರಲಿಲ್ಲ. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಯಾರದೂ ಅಲ್ಲ. ಅದನ್ನು ಆಯುವುದು ಮಾರಯ್ಯನವರಿಗೆ ವಿಹಿತವಾದ ಕಾಯಕ. ಹೆಚ್ಚು ತಂದದ್ದೂ ದಾಸೋಹಕ್ಕೇ ಹೊರತು ಭೋಗಕ್ಕಲ್ಲ. ಹೀಗಿರುವಾಗ ತಪ್ಪೆಲ್ಲಿದೆ? ತಪ್ಪು ಅಕ್ಕಿಯಲ್ಲಿಲ್ಲ, ಮನಸ್ಸಿನಲ್ಲಿದೆ ಎಂಬುದೇ ಲಕ್ಕಮ್ಮನವರ ನಿಲುವು. ಒಂದೇ ಮನಸ್ಸಿನಿಂದ ನಡೆಯಬೇಕಾದ ಕಾಯಕದೊಳಗೆ ಮತ್ತೊಂದು ಮನಸ್ಸು ಹೊಕ್ಕಿತು. ನಾಳೆಗೂ ಇರಲಿ, ಇನ್ನಷ್ಟು ಇರಲಿ ಎಂಬ ಮನಸ್ಸದು. ಒಮ್ಮನವು ಇಮ್ಮನವಾಯಿತು. ಅವರ ವಚನಗಳಲ್ಲಿ ಆಸೆ ಮತ್ತು ರೋಷಗಳು ಒಟ್ಟಿಗೆ ಬರುವುದನ್ನು ಗಮನಿಸಬೇಕು. ಇನ್ನಷ್ಟು ಬೇಕೆನ್ನುವ ಮನಸ್ಸು ಅದು ದೊರೆಯದಾಗ ಸಿಡುಕುತ್ತದೆ. ಆ ಸಿಡುಕು ಮೊದಲು ಎರಗುವುದು ಮನೆಯವರ ಮೇಲೆ.

ಎರಡೂ ಘಟನೆಗಳನ್ನು ಕೂಡಿಸಿ ಓದಿದಾಗ ಮಾತ್ರ ಪೂರ್ಣಾರ್ಥ ಹೊಳೆಯುತ್ತದೆ. ಕಾಯಕಕ್ಕೆ ಕೆಳಗಿನ ಮೇರೆಯೂ ಉಂಟು, ಮೇಲಿನ ಮೇರೆಯೂ ಉಂಟು. ಅನುಭಾವದ ನೆಪದಲ್ಲಿ ಕಾಯಕವನ್ನು ಬಿಡುವಂತಿಲ್ಲ. ದಾಸೋಹದ ನೆಪದಲ್ಲಿ ಅದನ್ನು ಮಿತಿಮೀರಿ ಮಾಡುವಂತೆಯೂ ಇಲ್ಲ. ಈ ಎರಡೂ ಮೇರೆಗಳನ್ನು ಕಾಯ್ದದ್ದು ಒಬ್ಬ ಗೃಹಿಣಿಯ ವಿವೇಕ.

ಈಗ ನಮ್ಮ ಕಾಲದತ್ತ ನೋಡೋಣ. 2023ರ ಅಕ್ಟೋಬರ್ ತಿಂಗಳಿನಲ್ಲಿ ಇನ್ಫೋಸಿಸ್ ಸಂಸ್ಥಾಪಕರಲ್ಲೊಬ್ಬರಾದ ಎನ್.ಆರ್. ನಾರಾಯಣಮೂರ್ತಿಯವರು ದೇಶದ ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಅಭಿಪ್ರಾಯಪಟ್ಟರು. 2025ರ ಜನವರಿಯಲ್ಲಿ ಮತ್ತೊಂದು ಬೃಹತ್ ಉದ್ಯಮದ ಅಧ್ಯಕ್ಷರ 90 ಗಂಟೆಗಳ ಮಾತು ಚರ್ಚೆಗೆ ಗ್ರಾಸವಾಯಿತು. ಇಂತಹ ಚರ್ಚೆಗಳಲ್ಲಿ ನಮ್ಮವರೇ ಕೆಲವರು ಕಾಯಕತತ್ತ್ವವನ್ನು ಸಮರ್ಥನೆಗೆ ತರುವುದನ್ನು ಕಂಡಾಗ ನೋವಾಗುತ್ತದೆ. ದೇಶ ಕಟ್ಟುವ ಹಂಬಲವನ್ನು ನಾನು ಲಘುವಾಗಿ ಕಾಣುತ್ತಿಲ್ಲ. ಆದರೆ ಶರಣರ ಕಾಯಕವನ್ನು ಗಂಟೆಗಳ ಲೆಕ್ಕಕ್ಕೆ ಸಾಕ್ಷಿಯಾಗಿ ನಿಲ್ಲಿಸುವುದು ಸರಿಯಲ್ಲ. ಶರಣರು ಕಾಯಕಕ್ಕೆ ಹಾಕಿದ ನಿಬಂಧನೆಗಳು ಬೇರೆ. ಅದು ಸತ್ಯಶುದ್ಧವಾಗಿರಬೇಕು, ದಾಸೋಹದಲ್ಲಿ ಕೊನೆಗೊಳ್ಳಬೇಕು, ಸಂಗ್ರಹಬುದ್ಧಿಗೆ ಎಡೆಗೊಡಬಾರದು. ಕೇವಲ ಹೆಚ್ಚು ದುಡಿದ ಮಾತ್ರಕ್ಕೆ ದುಡಿಮೆ ಕಾಯಕವಾಗುವುದಿಲ್ಲ.

ಅತಿಯಾದ ದುಡಿಮೆಯ ಪರಿಣಾಮವನ್ನು ವೈದ್ಯವಿಜ್ಞಾನವೂ ಅಳೆದಿದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಶೇಕಡಾ 35ರಷ್ಟೂ, ಹೃದಯದ ರಕ್ತಕೊರತೆಯ ಕಾಯಿಲೆಯಿಂದ ಸಾಯುವ ಅಪಾಯ ಶೇಕಡಾ 17ರಷ್ಟೂ ಅಧಿಕ. ಇಂತಹ ದೀರ್ಘ ದುಡಿಮೆಯ ಕಾರಣದಿಂದ 2016ರಲ್ಲಿ ಜಗತ್ತಿನಾದ್ಯಂತ ಸುಮಾರು 7,45,000 ಮಂದಿ ಮೃತರಾದರೆಂದು ಆ ಅಧ್ಯಯನ ಅಂದಾಜು ಮಾಡಿತು. ಕಾಯಕವೆಂಬ ಪದದ ಒಡಲಲ್ಲಿಯೇ ಕಾಯವಿದೆ. ಶರೀರವನ್ನೇ ಶಿವಾಲಯವಾಗಿ ಭಾವಿಸಿದ ಪರಂಪರೆಯವರು ಆ ಶಿವಾಲಯವನ್ನು ಕೆಡವಿ ಪೂಜೆ ಸಲ್ಲಿಸಬಹುದೇ?

ಇಲ್ಲಿ ಒಂದು ಆಕ್ಷೇಪ ಬರಬಹುದು. ಪೂಜೆಗಿಂತಲೂ ಕಾಯಕವೇ ಮುಂದು ಎಂಬ ನಿಲುವು ಮಾರಯ್ಯನವರದೇ ಅಲ್ಲವೇ? ನುಲಿಯ ಚಂದಯ್ಯನವರು ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಜಾರಿ ನೀರಿಗೆ ಬಿದ್ದರೂ ಕಾಯಕವನ್ನು ನಿಲ್ಲಿಸಲಿಲ್ಲವೆಂದು ಶೂನ್ಯಸಂಪಾದನೆ ಹೇಳುವುದಿಲ್ಲವೇ? ನಿಜ. ಆದರೆ ಈ ಪ್ರಸಂಗಗಳು ಸಾರುವುದು ದುಡಿಮೆಯ ಉದ್ದವನ್ನಲ್ಲ, ತನ್ಮಯತೆಯನ್ನು. ಕಾಯಕದಲ್ಲಿರುವಾಗ ಅದರಲ್ಲಿಯೇ ಸಂಪೂರ್ಣವಾಗಿ ಇರಬೇಕೆಂಬುದು ಅವುಗಳ ತಿರುಳು. ಅದೇ ನ್ಯಾಯವನ್ನು ಮುಂದುವರಿಸಿದರೆ, ಕಾಯಕ ಮುಗಿಸಿ ಮನೆಗೆ ಬಂದವನು ಮನೆಯಲ್ಲಿಯೇ ಸಂಪೂರ್ಣವಾಗಿ ಇರಬೇಕಾಗುತ್ತದೆ. ಕಛೇರಿಯಲ್ಲಿ ಕುಳಿತು ಮನೆಯ ಕಲಹವನ್ನು ಚಿಂತಿಸುವುದು, ಮನೆಯಲ್ಲಿ ಕುಳಿತು ಕಛೇರಿಯ ಸಂದೇಶಗಳನ್ನು ಓದುವುದು, ಇವೆರಡೂ ಇಮ್ಮನವೇ. ಎರಡು ಕಡೆಯೂ ಇದ್ದಂತೆ ತೋರಿ ಎಲ್ಲಿಯೂ ಇಲ್ಲದ ಸ್ಥಿತಿ ಅದು.

ಶ್ರೀಮಠಕ್ಕೆ ಬರುವ ಸದ್ಭಕ್ತರ ಮಾತುಗಳಲ್ಲಿ ಈ ಸ್ಥಿತಿಯ ನೋವು ಮತ್ತೆ ಮತ್ತೆ ಕೇಳಿಬರುತ್ತದೆ. ಹಬ್ಬಕ್ಕೆ ಊರಿಗೆ ಬಂದ ಮಗ ಲ್ಯಾಪ್‌ಟಾಪಿನ ಮುಂದಿನಿಂದ ಏಳುವುದಿಲ್ಲವೆಂದು ತಾಯಿ ಹೇಳುತ್ತಾರೆ. ಯಜಮಾನರು ಅಂಗಡಿಯಿಂದ ಬಂದರೆ ಮಕ್ಕಳು ಒಳಕೋಣೆ ಸೇರುತ್ತವೆಂದು ಸೊಸೆ ಹೇಳುತ್ತಾರೆ. ಯಾರಿಗಾಗಿ ದುಡಿಯುತ್ತಿದ್ದೇನೆಂದು ಹೇಳುತ್ತಾರೋ ಅವರೊಡನೆ ಕುಳಿತು ಪ್ರಸಾದ ಸ್ವೀಕರಿಸುವುದಕ್ಕೂ ಹೊತ್ತಿಲ್ಲದವರು ನಮ್ಮ ನಡುವೆ ಹೆಚ್ಚುತ್ತಿದ್ದಾರೆ. ಇಂತಹವರಿಗೆ ಇನ್ನಷ್ಟು ಕಾಯಕನಿಷ್ಠರಾಗಿರೆಂದು ಉಪದೇಶಿಸುವುದು ಔಷಧವಲ್ಲ, ರೋಗವೃದ್ಧಿ.

ಇನ್ನೊಂದು ಆಕ್ಷೇಪ ಇದಕ್ಕಿಂತಲೂ ಗಂಭೀರವಾದುದು. ಸಾಕೆನ್ನುವ ಮಾತು ಇದ್ದವರಿಗೆ ಸರಿ. ಎರಡು ಕಡೆ ದುಡಿದರೂ ಮನೆ ಬಾಡಿಗೆ, ಮಕ್ಕಳ ಶುಲ್ಕ ಸಾಲದವರಿಗೆ ಅದು ಕ್ರೂರ ಮಾತಲ್ಲವೇ? ಈ ಪ್ರಶ್ನೆಯನ್ನು ನಾವು ತಪ್ಪಿಸಿಕೊಳ್ಳಬಾರದು. ಸಾಕೆಂದ ಲಕ್ಕಮ್ಮನವರು ಸಿರಿವಂತರಲ್ಲ, ನೆಲಕ್ಕೆ ಬಿದ್ದ ಅಕ್ಕಿಯನ್ನು ನೆಚ್ಚಿದವರು ಎಂಬುದು ನಿಜ. ಆದರೂ ಅವರ ಮಾತನ್ನು ಬಡವನ ಹಸಿವಿಗೆ ಉತ್ತರವಾಗಿ ಬಳಸಲಾಗದು. ಹೊಟ್ಟೆಗೆ ಸಾಲದವನು ಮತ್ತಷ್ಟು ದುಡಿಯುವುದು ಆಸೆಯಲ್ಲ, ಅನಿವಾರ್ಯತೆ. ಅಲ್ಲಿ ತಿದ್ದಿಕೊಳ್ಳಬೇಕಾದವರು ದುಡಿಸಿಕೊಳ್ಳುವವರು. ದಾಸೋಹವೆಂದರೆ ವರ್ಷಕ್ಕೊಮ್ಮೆ ಜಾತ್ರೆಯಲ್ಲಿ ಅನ್ನಸಂತರ್ಪಣೆಗೆ ಅಕ್ಕಿ ಕಳುಹಿಸುವುದಷ್ಟೇ ಅಲ್ಲ. ತನ್ನ ಅಂಗಡಿಯ, ಗಿರಣಿಯ, ಕಂಪನಿಯ ಕೆಲಸಗಾರನಿಗೆ ತಕ್ಕ ಕೂಲಿಯನ್ನೂ ವಾರದ ರಜೆಯನ್ನೂ ಕೊಡುವುದು ಅದಕ್ಕಿಂತ ಮೊದಲಿನ ದಾಸೋಹ. ನಮ್ಮ ಭಕ್ತರಲ್ಲಿ ಹಲವರು ಉದ್ಯಮಿಗಳು, ವರ್ತಕರು. ಅವರು ಈ ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ವಿನಯಪೂರ್ವಕವಾಗಿ ಕೋರುತ್ತೇನೆ.

ಮನೆಯೊಳಗಿನ ದುಡಿಮೆಯ ವಿಚಾರವನ್ನೂ ಇಲ್ಲಿಯೇ ಹೇಳಬೇಕು. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕಾಗಿ ದಿನಕ್ಕೆ ಸರಾಸರಿ 289 ನಿಮಿಷಗಳನ್ನು ವ್ಯಯಿಸಿದರೆ, ಅಂತಹ ಕೆಲಸ ಮಾಡುವ ಪುರುಷರು ವ್ಯಯಿಸುವುದು 88 ನಿಮಿಷ. ಹೊರಗೆ ದುಡಿದು ಬಂದ ಹೆಣ್ಣುಮಕ್ಕಳಿಗೆ ಮನೆಯಲ್ಲಿ ಎರಡನೆಯ ಕಾಯಕ ಕಾದಿರುತ್ತದೆ. ಅದಕ್ಕೆ ಮೇಲಿನ ಮೇರೆಯೇ ಇಲ್ಲ. ಸತಿಪತಿಗಳು ಒಂದಾಗಿ ನಡೆಸುವ ಭಕ್ತಿಯನ್ನು ಕೊಂಡಾಡುವ ನಾವು, ಪಾತ್ರೆ ತೊಳೆಯುವಲ್ಲಿ, ಮುಪ್ಪಿನ ತಂದೆತಾಯಿಗಳ ಶುಶ್ರೂಷೆಯಲ್ಲಿ ಆ ಒಂದಾಗುವಿಕೆಯನ್ನು ತೋರದಿದ್ದರೆ ಮಾತು ಬರಿದಾಗುತ್ತದೆ.

ಲಕ್ಕಮ್ಮನವರ ವಚನಾಂಕಿತ ಮಾರಯ್ಯಪ್ರಿಯ ಅಮರೇಶ್ವರಲಿಂಗ. ದೇವರ ಹೆಸರಿನೊಡನೆ ಪತಿಯ ಹೆಸರನ್ನೂ ಇರಿಸಿಕೊಂಡ ಆ ತಾಯಿ ಪತಿಯನ್ನು ಪ್ರಶ್ನಿಸಲು ಹಿಂಜರಿಯಲಿಲ್ಲ. ಪ್ರೀತಿಯೂ ಪ್ರಶ್ನೆಯೂ ಒಂದೇ ಹೃದಯದಲ್ಲಿ ಇರಬಲ್ಲವು. ಅಷ್ಟೇ ದೊಡ್ಡತನ ಮಾರಯ್ಯನವರದು. ತನ್ನ ಗಂಡಸುತನಕ್ಕೆ ಕುಂದೆಂದು ಭಾವಿಸದೆ ಅವರು ಆ ಮಾತಿಗೆ ತಲೆಬಾಗಿದರು. ಆದುದರಿಂದ ವ್ಯಕ್ತಿತ್ವ ವಿಕಾಸವೆಂದರೆ ಸಭೆಯಲ್ಲಿ ನಿರರ್ಗಳವಾಗಿ ಮಾತನಾಡುವ ಕಲೆ ಮಾತ್ರವಲ್ಲವೆಂದು ನಾನು ತಿಳಿಯುತ್ತೇನೆ. ಮನೆಯವರು ಸಾಕೆಂದಾಗ ಸಿಟ್ಟಾಗದೆ ಕೇಳಿಸಿಕೊಳ್ಳುವ ಶಕ್ತಿಯೂ ವಿಕಾಸವೇ. ಬಹುಶಃ ಅದೇ ಕಠಿಣವಾದುದು.

ಆಚರಣೆಗೆ ತರಬಹುದಾದ ಕೆಲವು ಸಂಗತಿಗಳನ್ನು ನಿವೇದಿಸುತ್ತೇನೆ. ಮೊದಲನೆಯದು, ಬೆಳಗು ಮತ್ತು ಸಂಜೆಯ ಇಷ್ಟಲಿಂಗ ಪೂಜೆಯ ವೇಳೆಯಲ್ಲಿ ಮೊಬೈಲ್ ಮತ್ತೊಂದು ಕೋಣೆಯಲ್ಲಿರಲಿ. ಅಂಗೈಯಲ್ಲಿ ಲಿಂಗವಿರುವಾಗ ಕಿವಿ ಗಂಟೆಯ ಸದ್ದಿಗೆ ಕಾದಿದ್ದರೆ ಅದು ಪೂಜೆಯೂ ಅಲ್ಲ, ಕೆಲಸವೂ ಅಲ್ಲ. ಎರಡನೆಯದು, ದಿನದ ಒಂದು ಹೊತ್ತಿನ ಪ್ರಸಾದವನ್ನಾದರೂ ಮನೆಮಂದಿಯೆಲ್ಲ ಕೂಡಿ ಸ್ವೀಕರಿಸಲಿ. ಮೂರನೆಯದು, ಕೆಲಸದ ಸ್ಥಳದಲ್ಲಾದ ಅವಮಾನ, ಭಯಗಳನ್ನು ನುಂಗಿಕೊಂಡು ಬಂದು ಮಕ್ಕಳ ಮೇಲೆ ಕಾರುವುದಕ್ಕಿಂತ, ಆಪ್ತರೊಬ್ಬರ ಮುಂದೆ ಹೇಳಿಕೊಳ್ಳಿರಿ. ಅನುಭವಮಂಟಪದಲ್ಲಿ ಶರಣರು ತಮ್ಮ ಸಂಶಯಗಳನ್ನು ಪರಸ್ಪರ ಬಿಚ್ಚಿಡುತ್ತಿದ್ದರೆಂಬುದನ್ನು ನೆನೆಯಿರಿ. ನಾಲ್ಕನೆಯದು, ವಾರಕ್ಕೊಮ್ಮೆ ಪತಿಪತ್ನಿಯರು ಕುಳಿತು ಲಕ್ಕಮ್ಮನವರ ಪ್ರಶ್ನೆಯನ್ನು ತಮಗೆ ತಾವೇ ಹಾಕಿಕೊಳ್ಳಲಿ: ಈ ವಾರ ನಾವು ತಂದುದರಲ್ಲಿ ಅಗತ್ಯಕ್ಕೆ ತಂದುದೆಷ್ಟು, ಅಂಜಿಕೆಯಿಂದ ತಂದುದೆಷ್ಟು, ನೆರೆಯವರನ್ನು ನೋಡಿ ತಂದುದೆಷ್ಟು?

ಕೊನೆಯದಾಗಿ ಒಂದು ಮುಖ್ಯ ಮಾತು. ಎಲ್ಲ ಬಳಲಿಕೆಯೂ ಚಿಂತನೆಯಿಂದ ಕಳೆಯುವುದಿಲ್ಲ. ದುಡಿಮೆಯ ಒತ್ತಡದಿಂದಾಗುವ ತೀವ್ರ ಬಳಲಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ತನ್ನ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ವೃತ್ತಿಸಂಬಂಧಿ ವಿದ್ಯಮಾನವೆಂದು ನಮೂದಿಸಿತು. ಅದು ಸೋಮಾರಿತನವಲ್ಲ, ಭಕ್ತಿಯ ಕೊರತೆಯೂ ಅಲ್ಲ. ಎರಡು ವಾರಗಳಿಗೂ ಮೀರಿ ನಿದ್ರೆ ಕೆಟ್ಟಿದ್ದರೆ, ಯಾವುದರಲ್ಲಿಯೂ ಆಸಕ್ತಿ ಉಳಿಯದಿದ್ದರೆ ವೈದ್ಯರನ್ನು ಕಾಣಲೇಬೇಕು. ಬದುಕು ಬೇಡವೆನಿಸಿದರೆ ಒಂದು ದಿನವನ್ನೂ ಕಾಯಬಾರದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಇದಕ್ಕೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೇ ಮಾರ್ಗದರ್ಶಿ ಕೇಂದ್ರವಾಗಿದೆ. ಕನ್ನಡದಲ್ಲಿಯೇ, ಶುಲ್ಕವಿಲ್ಲದೆ ಮಾತನಾಡಬಹುದು. ಹಣೆಯ ವಿಭೂತಿಗೂ ವೈದ್ಯರ ಔಷಧಕ್ಕೂ ವೈರವಿಲ್ಲ. ಮಠಕ್ಕೆ ಬಂದು ಪೂಜ್ಯರ ಮುಂದೆ ಕಣ್ಣೀರು ಹಾಕಿದವರು ಅಲ್ಲಿಂದ ಆಸ್ಪತ್ರೆಗೆ ಹೋದರೆ ಅವರ ನಂಬಿಕೆಗೆ ಊನವೇನೂ ಬಾರದು.

ಮಾರಯ್ಯನವರು ಹೆಚ್ಚಿನ ಅಕ್ಕಿಯನ್ನು ಮರಳಿ ಸುರಿದ ಮೇಲೆ ಅವರ ದಾಸೋಹವೇನೂ ನಿಲ್ಲಲಿಲ್ಲ. ನಿತ್ಯದ ಅಳತೆಯ ಅಕ್ಕಿಯಲ್ಲಿಯೇ ಲಕ್ಕಮ್ಮನವರು ಜಂಗಮಕ್ಕೆ ತೃಪ್ತಿಯಾಗುವಂತೆ ಉಣಬಡಿಸಿದರೆಂದು ಪರಂಪರೆ ಹೇಳುತ್ತದೆ. ಅಳತೆಯರಿತು ದುಡಿದರೆ ಮನೆ ಸೊರಗುವುದೆಂಬ ಅಂಜಿಕೆಯಿಂದ ನಿದ್ದೆಗೆಟ್ಟಿರುವ ಸದ್ಭಕ್ತರು ಈ ಮಾತನ್ನು ಒಮ್ಮೆ ತಮ್ಮ ಮನೆಯವರೊಡನೆ ಕುಳಿತು ಚಿಂತಿಸಬೇಕೆಂದು ಪ್ರಾರ್ಥಿಸುತ್ತೇನೆ.