ಸಿ.ಐ.ಡಿ. 999ರ ಮರುಪ್ರವೇಶ

ಕನ್ನಡ ಚಿತ್ರರಂಗದ ಚರಿತ್ರೆಯಲ್ಲಿ ಕೆಲವು ಸಂಗತಿಗಳು ಮನರಂಜನೆಯ ಲೆಕ್ಕಕ್ಕೆ ಮಾತ್ರ ಜಮೆಯಾಗಿ, ಸಂಸ್ಕೃತಿಯ ಲೆಕ್ಕದಿಂದ ಹೊರಗುಳಿದಿವೆ. 1978ರಲ್ಲಿ ಡಾ. ರಾಜಕುಮಾರ್ ಅವರು ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರದ ಮೂಲಕ ಗೂಢಚಾರನ ಪಾತ್ರಕ್ಕೆ ಮರಳಿದ್ದು ಅಂಥ ಸಂಗತಿಗಳಲ್ಲೊಂದು. ‘ಕಸ್ತೂರಿ ನಿವಾಸ’ವನ್ನೋ ‘ಮಯೂರ’ವನ್ನೋ ಕುರಿತು ಗಂಭೀರವಾಗಿ ಚರ್ಚಿಸುವ ನಾವು, ಈ ಚಿತ್ರದ ಹೆಸರೆತ್ತಿದರೆ ನಕ್ಕು ಸುಮ್ಮನಾಗುತ್ತೇವೆ. ಹೊರನಾಡ ಕನ್ನಡಿಗರಾದ ನಾವಾದರೂ ಹಾಗೆ ನಗಬಾರದೆಂಬುದು ನನ್ನ ನಂಬಿಕೆ.

ಇಂಗ್ಲಿಷಿನಲ್ಲಿ ಜೇಮ್ಸ್ ಬಾಂಡ್ ಚಿತ್ರಗಳು ಆರಂಭವಾದದ್ದು 1962ರಲ್ಲಿ. ಆರೇ ವರ್ಷಗಳಲ್ಲಿ, 1968ರಲ್ಲಿ, ದೊರೈ–ಭಗವಾನ್ ಜೋಡಿ ‘ಜೇಡರ ಬಲೆ’ಯನ್ನು ತೆರೆಗೆ ತಂದಿತು. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’ ಬಂದವು. ಬೇಡರ ಕಣ್ಣಪ್ಪನಾಗಿ, ಕನಕದಾಸನಾಗಿ, ರಣಧೀರ ಕಂಠೀರವನಾಗಿ ಜನಮನದಲ್ಲಿ ನೆಲೆನಿಂತಿದ್ದ ನಟ ಸೂಟು ತೊಟ್ಟು ಪಿಸ್ತೂಲು ಹಿಡಿದರು. ಡಬ್ಬಿಂಗ್ ಚಿತ್ರಗಳನ್ನು ಕನ್ನಡಿಗರು ವಿರೋಧಿಸಿದ ದಶಕವದು. ಪರಭಾಷೆಯ ಗೂಢಚಾರನನ್ನು ಕನ್ನಡದಲ್ಲಿ ಮಾತನಾಡಿಸುವ ದಾರಿ ಮುಚ್ಚಿತ್ತು. ಬೇಕಾದರೆ ನಮ್ಮವನೇ ಒಬ್ಬನನ್ನು ನಾವೇ ಸೃಷ್ಟಿಸಿಕೊಳ್ಳಬೇಕಿತ್ತು. ಸೃಷ್ಟಿಸಿಕೊಂಡೆವು.

ಒಂಬತ್ತು ವರ್ಷಗಳ ಬಳಿಕ ಅದೇ ನಿರ್ದೇಶಕರು ಅದೇ ನಟನನ್ನು ಮತ್ತೆ ಅದೇ ಪಾತ್ರಕ್ಕೆ ಕರೆತಂದಾಗ ಅವರ ವಯಸ್ಸು ನಲವತ್ತೊಂಬತ್ತು. ಅಷ್ಟರಲ್ಲಿ ‘ಬಂಗಾರದ ಮನುಷ್ಯ’ದ ರಾಜೀವ, ‘ಬಭ್ರುವಾಹನ’, ‘ಸನಾದಿ ಅಪ್ಪಣ್ಣ’ ಎಲ್ಲವೂ ಆಗಿಹೋಗಿದ್ದವು. ಅವರು ನಟ ಮಾತ್ರವಾಗಿರದೆ, ಮನೆಮನೆಯ ಹಿರಿಯಣ್ಣನೇ ಆಗಿದ್ದರು. ಹಿಂದೆ ಅವರಿಗೆ ಪಿ.ಬಿ. ಶ್ರೀನಿವಾಸ್ ಅವರ ಕಂಠವಿರುತ್ತಿತ್ತು. 1974ರ ‘ಸಂಪತ್ತಿಗೆ ಸವಾಲ್’ನಿಂದೀಚೆಗೆ ಅವರೇ ಹಾಡತೊಡಗಿದ್ದರು. ಈ ಮರುಪ್ರವೇಶದಲ್ಲಿ ಗೂಢಚಾರನಿಗೂ ಸ್ವಂತ ಕಂಠ ಬಂದಿತು. ಆ ಕಂಠ ಇಂಗ್ಲಿಷಿನಲ್ಲಿ ‘ಇಫ್ ಯೂ ಕಮ್ ಟುಡೇ’ ಎಂದು ಹಾಡಿ ನಾಡನ್ನೇ ಬೆರಗುಗೊಳಿಸಿತು.

ಹಳೆಯ ಗೂಢಚಾರರು ಬೇರೆಡೆಯೂ ಮರಳಿದ್ದಾರೆ. ಷಾನ್ ಕಾನರಿ ಹನ್ನೆರಡು ವರ್ಷಗಳ ಬಿಡುವಿನ ನಂತರ, 1983ರಲ್ಲಿ, ಐವತ್ತು ದಾಟಿದ ಮೇಲೆ ಮತ್ತೆ ಬಾಂಡ್ ಆದರು. 1986ರ ‘ವಿಕ್ರಮ್’ ಆಗಿದ್ದ ಕಮಲಹಾಸನ್ 2022ರಲ್ಲಿ ಅದೇ ಹೆಸರಿನಿಂದ ಅಜ್ಜನಾಗಿ ಬಂದರು. ಆ ಚಿತ್ರಗಳಲ್ಲಿ ನಾಯಕನ ವಯಸ್ಸೇ ಕಥೆಯ ಒಂದು ವಸ್ತು. ರಾಜಕುಮಾರ್ ಅವರ ಮುಂದಿದ್ದ ಪ್ರಶ್ನೆ ಬೇರೆ. ರೈತನ, ಭಕ್ತನ, ಚಕ್ರವರ್ತಿಯ ಮಾತಾಗಿ ಪೂಜೆಗೊಳ್ಳುತ್ತಿದ್ದ ಆ ಕನ್ನಡ, ಆಧುನಿಕ ಕಚೇರಿಯ ಕನ್ನಡವೂ ಆಗಬಲ್ಲುದೇ?

ಮೂರು ದಶಕಗಳಿಂದ ಕೇಂದ್ರ ಸರ್ಕಾರದ ಸೇವೆಯಲ್ಲಿರುವ ನನಗೆ ಈ ಪ್ರಶ್ನೆ ಹೊರಗಿನದಲ್ಲ. 999 ಎಂಬುದು ಬಿರುದಲ್ಲ, ನೌಕರಿಯ ಸಂಖ್ಯೆ. ಆತ ಆದೇಶ ಪಡೆದು, ಪರಸ್ಥಳಕ್ಕೆ ಹೋಗಿ, ಕರ್ತವ್ಯ ಮುಗಿಸುವ ಸರ್ಕಾರಿ ನೌಕರ. ನಮ್ಮಂತೆಯೇ ಊರು ಬಿಟ್ಟ ಜೀವ. ಅವನ ವಿಚಾರಣೆ, ದೂರವಾಣಿಯ ಸಂಭಾಷಣೆ, ಬೆದರಿಕೆ, ಹಾಸ್ಯ ಎಲ್ಲವೂ ಕನ್ನಡದಲ್ಲಿ. ಗೋವೆಯ ಖಳರಿಗೂ ಕನ್ನಡ ಬರುತ್ತಿತ್ತೇ ಎಂದು ಕುಹಕವಾಡುವವರಿದ್ದಾರೆ. 1967ರ ‘ಆನ್ ಈವನಿಂಗ್ ಇನ್ ಪ್ಯಾರಿಸ್’ನ ಖಳರು ಹಿಂದಿಯಾಡಿದ್ದಕ್ಕೆ ಅವರಾರೂ ನಕ್ಕಂತೆ ಕಾಣೆ. ನಮ್ಮ ಸಂಕೋಚ ನಮ್ಮ ನುಡಿಯ ಬಗೆಗೆ ಮಾತ್ರ!

ಈ ಚಿತ್ರಗಳು ಅನುಕರಣೆಯೆಂಬ ಟೀಕೆಯನ್ನು ನಾನು ಅಲ್ಲಗಳೆಯುವುದಿಲ್ಲ. ಸಂಖ್ಯೆಯೇ 007ರ ನೆರಳು. ಕ್ಲಬ್ ನೃತ್ಯ, ಖಳನ ಅಡಗುದಾಣ ಇವೂ ಎರವಲು. ಆದರೆ ಎರವಲು ತಂದ ಪಾತ್ರೆಯಲ್ಲಿ ಬೇಯಿಸಿದ ಅಡುಗೆ ಮನೆಯದೇ. ಮತ್ತೊಂದನ್ನೂ ಮರೆಯಬಾರದು: 999 ಆಗಿ ಮರಳಿದ ನಾಲ್ಕೇ ವರ್ಷಗಳಲ್ಲಿ, 1982ರಲ್ಲಿ, ಇದೇ ರಾಜಕುಮಾರ್ ಗೋಕಾಕ್ ಚಳವಳಿಯ ಮುಂಚೂಣಿಯಲ್ಲಿ ನಿಂತರು. ಇಂಗ್ಲಿಷಿನಲ್ಲಿ ಹಾಡಿದವರಿಗೆ ಕನ್ನಡಕ್ಕಾಗಿ ಬೀದಿಗಿಳಿಯಲು ಯಾವ ಅಡ್ಡಿಯೂ ಆಗಲಿಲ್ಲ.

ಇನ್ನು ನಮ್ಮ ಸಂಘಗಳ ಮಾತು. ರಾಜ್ಯೋತ್ಸವ ಬಂದರೆ ನಾವು ಮಕ್ಕಳಿಗೆ ತೋರಿಸುವುದು ಕದಂಬರನ್ನು, ಕೃಷ್ಣದೇವರಾಯನನ್ನು, ನೇಗಿಲು ಹೊತ್ತ ರೈತನನ್ನು. ಅವೆಲ್ಲ ಬೇಕು. ಆದರೆ ಅಷ್ಟನ್ನೇ ಕಂಡ ಮಗು, ಕನ್ನಡವೆಂದರೆ ಅಜ್ಜಿಯ ಪೆಟ್ಟಿಗೆಯಲ್ಲಿರುವ ರೇಷ್ಮೆ ಸೀರೆ, ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ ಮಡಿಸಿಡುವ ವಸ್ತು ಎಂದು ತೀರ್ಮಾನಿಸಿದರೆ ತಪ್ಪು ಯಾರದು? ಶಾಲೆಗೆ ಒಂದು ನುಡಿ, ಬೀದಿಗೆ ಒಂದು ನುಡಿ, ದುಡಿಮೆಗೆ ಮತ್ತೊಂದು ಎಂದಾದ ಮೇಲೆ, ಕನ್ನಡಕ್ಕೆ ಉಳಿಯುವುದು ಹಬ್ಬ ಮತ್ತು ಸೂತಕ. ಹೊರನಾಡಿನಲ್ಲಿ ಭಾಷೆ ಸಾಯುವುದು ದ್ವೇಷದಿಂದಲ್ಲ, ಇಂಥ ಪೂಜೆಯಿಂದ.

ಆದ್ದರಿಂದ ಕಾರ್ಯಕಾರಿ ಸಮಿತಿಯ ಮುಂದೆ ನನ್ನದೊಂದು ಸಲಹೆ. ಬರುವ ನವೆಂಬರಿನಲ್ಲಿ ‘ಮಯೂರ’ನ ಜೊತೆಗೆ 999ನನ್ನೂ ತೆರೆಗೆ ತನ್ನಿ. ಚಿತ್ರ ಮುಗಿದ ಮೇಲೆ, ತಾವು ಹಗಲಿಡೀ ಮಾಡುವ ಕೆಲಸವನ್ನು, ಅದು ಬ್ಯಾಂಕಿನದಿರಲಿ, ಕಂಪ್ಯೂಟರಿನದಿರಲಿ, ಪ್ರಯೋಗಾಲಯದ್ದಿರಲಿ, ಹತ್ತು ನಿಮಿಷ ಕನ್ನಡದಲ್ಲಿ ವಿವರಿಸಲು ನಮ್ಮ ಯುವಕ ಯುವತಿಯರನ್ನು ವೇದಿಕೆಗೆ ಕರೆಯಿರಿ. ತಡವರಿಸಲಿ, ಇಂಗ್ಲಿಷ್ ಪದಗಳು ಬೆರೆಯಲಿ, ಚಿಂತೆಯಿಲ್ಲ. ಅವರು ಆಡಿದ್ದನ್ನು ಬರೆದುಕೊಟ್ಟರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸಲು ಸ್ಥಳ ಕಾದಿರಿಸಿದ್ದೇನೆ.